ಗೀಟು ಎಳೆಯುವುದೂ ಒಂದು ವರ್ತನೆಯೇ ಅಲ್ವಾ?

ಒಂದು ಮಗು ದಿನಕ್ಕೆ ಎಷ್ಟು ಸಲ ತನ್ನ ಕೈಯನ್ನು ತಾನೇ ಕಚ್ಚಿಕೊಳ್ಳುತ್ತದೆ ಎಂದು ಅದನ್ನು ನೋಡಿಕೊಳ್ಳುವ ಸಿಬ್ಬಂದಿ ಗುರುತು ಹಾಕುವ ಹಾಳೆ. ಗಂಟೆಗೊಂದು ಚೌಕ, ಚೌಕದೊಳಗೆ ಗೀಟುಗಳು. ಎಲ್ಲವೂ ಭರ್ತಿಯಾಗಿವೆ. ಆದರೆ ಬೆಳಗಿನ ಗೀಟೂ ಸಂಜೆಯ ಗೀಟೂ ಒಂದೇ ಓರೆ, ಒಂದೇ ಒತ್ತು, ಒಂದೇ ಉಸಿರಿಗೆ ಎಳೆದ ಹಾಗಿವೆ. ಮನೆಗೆ ಹೊರಡುವ ಮುಂಚೆ ನೆನಪಿನಿಂದ ತುಂಬಿದ ಹಾಳೆ ಇದು. ನೋಡಿದ ಕೂಡಲೇ ಗೊತ್ತಾಗುತ್ತದೆ.

ಆಗ ಮೇಲ್ವಿಚಾರಕರ ಬಾಯಲ್ಲಿ ಬರುವ ಮಾತು ಒಂದೇ: 'ಸಿಬ್ಬಂದಿಗೆ ಶ್ರದ್ಧೆ ಇಲ್ಲ.' ನನಗೆ ಸಿಟ್ಟು ಬರುವುದೇ ಇಲ್ಲಿ. ಮಗು ಕಿರುಚಿದರೆ ಹಟಮಾರಿ ಅನ್ನಬೇಡಿ, ಕಿರುಚುವ ಮುಂಚೆ ಏನಾಯಿತು, ಕಿರುಚಿದ ಮೇಲೆ ಏನು ಸಿಕ್ಕಿತು ನೋಡಿ ಎಂದು ಕಲಿಸುವುದು ವರ್ತನೆ ವಿಶ್ಲೇಷಣೆ. ಅದನ್ನೇ ಓದಿಕೊಂಡವರು ತಮ್ಮ ಸಿಬ್ಬಂದಿಯ ವಿಷಯ ಬಂದಾಗ ಮಾತ್ರ 'ಸೋಮಾರಿಗಳು' ಅಂತ ಹಣೆಪಟ್ಟಿ ಅಂಟಿಸಿ ಎದ್ದು ಹೋಗುತ್ತಾರೆ. ಗೀಟು ಎಳೆಯುವುದೂ ಒಂದು ವರ್ತನೆಯೇ ಅಲ್ವಾ? ಅದಕ್ಕೂ ಹಿಂದುಮುಂದು ಇರುತ್ತದೆ.

ಸರಿ, ಒಂದು ಗೀಟು ಎಳೆದ ಮೇಲೆ ಆ ಮನುಷ್ಯನಿಗೆ ಏನಾಗುತ್ತದೆ? ಹೆಚ್ಚಿನ ಕಡೆ ಏನೂ ಆಗುವುದಿಲ್ಲ. ಹಾಳೆ ಫೈಲಿಗೆ ಹೋಗುತ್ತದೆ, ಫೈಲು ಕಪಾಟಿಗೆ ಹೋಗುತ್ತದೆ. ಕೆಲವೊಮ್ಮೆ ಇನ್ನೂ ಕೆಟ್ಟದ್ದಾಗುತ್ತದೆ. ಗೀಟು ಜಾಸ್ತಿಯಾದರೆ ಇನ್ನೊಂದು ಫಾರಂ ತುಂಬಬೇಕು, 'ನಿಮ್ಮ ಪಾಳಿಯಲ್ಲೇ ಯಾಕೆ ಇಷ್ಟು?' ಎಂಬ ಪ್ರಶ್ನೆಗೆ ಉತ್ತರ ಕೊಡಬೇಕು. ಅಂದರೆ ನಿಜ ಬರೆದವರಿಗೆ ಶಿಕ್ಷೆ, ಸೊನ್ನೆ ಬರೆದವರಿಗೆ ನೆಮ್ಮದಿ. ಗುಂಡಿ ಒತ್ತಿದಾಗಲೆಲ್ಲ ಶಾಕ್ ಹೊಡೆದರೆ ಇಲಿಯೂ ಗುಂಡಿ ಒತ್ತುವುದನ್ನು ಬಿಡುತ್ತದೆ. ಅದಕ್ಕೆ ಇಲಿಯ ಶ್ರದ್ಧೆಯನ್ನು ಯಾರೂ ಅನುಮಾನಿಸುವುದಿಲ್ಲ.

ಇನ್ನೊಂದು ತೊಡಕು ಇದೆ. ಮಗು ಅತಿ ಹೆಚ್ಚು ಕಚ್ಚಿಕೊಳ್ಳುವ ಹೊತ್ತಿನಲ್ಲೇ ಸಿಬ್ಬಂದಿಯ ಎರಡೂ ಕೈ ಮಗುವನ್ನು ಕಾಪಾಡುವುದರಲ್ಲಿ ಇರುತ್ತವೆ. ಪೆನ್ನು ಹಿಡಿಯಲು ಮೂರನೇ ಕೈ ಎಲ್ಲಿದೆ? ಹಾಗಾಗಿ ಖಾಲಿ ಚೌಕ ಎಲ್ಲೆಂದರಲ್ಲಿ ಬೀಳುವುದಿಲ್ಲ. ವರ್ತನೆ ತೀರಾ ಜಾಸ್ತಿ ಇದ್ದ ಕಡೆಗೇ ಬೀಳುತ್ತದೆ. ಪ್ರವಾಹ ಬಂದ ದಿನವೇ ಮಳೆ ಅಳೆಯುವ ಮಾಪಕ ಕೊಚ್ಚಿಹೋದ ಹಾಗೆ.

ವರ್ತನೆ ವಿಶ್ಲೇಷಣೆಗೆ ಬುನಾದಿ ಹಾಕಿದ ಅಮೆರಿಕದ ಮನೋವಿಜ್ಞಾನಿ ಸ್ಕಿನ್ನರ್‌ಗೆ ಈ ಕಷ್ಟ ಇರಲಿಲ್ಲ. 1930ರ ದಶಕದ ಅವರ ಪ್ರಯೋಗಗಳಲ್ಲಿ ಲೆಕ್ಕ ಇಟ್ಟದ್ದು ಯಂತ್ರ. ಕಾಗದದ ಸುರುಳಿ ನಿಧಾನಕ್ಕೆ ಸರಿಯುತ್ತಿತ್ತು. ಇಲಿ ಸನ್ನೆಗೋಲು ಒತ್ತಿದಾಗಲೆಲ್ಲ ಪೆನ್ನು ಒಂದು ಮೆಟ್ಟಿಲು ಮೇಲೇರುತ್ತಿತ್ತು. ಆ ಪೆನ್ನಿಗೆ ಬೇಜಾರಿಲ್ಲ, ಹಸಿವಿಲ್ಲ, ಮನೆಗೆ ಹೋಗುವ ಅವಸರವಿಲ್ಲ. ಮುಂದೆ ಈ ವಿಜ್ಞಾನ ಇಲಿಯ ಪೆಟ್ಟಿಗೆಯಿಂದ ಎದ್ದು ತರಗತಿಗೆ, ಆಸ್ಪತ್ರೆಯ ವಾರ್ಡಿಗೆ ಬಂತು. ಬರುವಾಗ ಪೆನ್ನಿನ ಜಾಗದಲ್ಲಿ ಮನುಷ್ಯರನ್ನು ಕೂರಿಸಿತು. ಮನುಷ್ಯರಿಂದ ಯಂತ್ರದ ಕೆಲಸವನ್ನೇ ಬಯಸಿತು.

ಮನುಷ್ಯ ಮಾಪಕವಾದರೆ ಏನಾಗುತ್ತದೆ ಎಂಬುದು ಖಗೋಳ ವಿಜ್ಞಾನಿಗಳಿಗೆ ಮೊದಲೇ ತಿಳಿದಿತ್ತು. ಇಂಗ್ಲೆಂಡಿನ ಗ್ರೀನಿಚ್ ವೀಕ್ಷಣಾಲಯದಲ್ಲಿ ನೆವಿಲ್ ಮಾಸ್ಕಲಿನ್ ಮುಖ್ಯಸ್ಥರು, ಡೇವಿಡ್ ಕಿನ್ನೆಬ್ರೂಕ್ ಸಹಾಯಕ. ದೂರದರ್ಶಕದೊಳಗಿನ ಎಳೆಯನ್ನು ನಕ್ಷತ್ರ ದಾಟುವ ಕ್ಷಣವನ್ನು ಗಡಿಯಾರದ ಟಿಕ್ ಟಿಕ್ ಕೇಳುತ್ತಾ ಗುರುತಿಸಬೇಕು. ಸಹಾಯಕನ ಲೆಕ್ಕ ಯಜಮಾನರ ಲೆಕ್ಕಕ್ಕಿಂತ ಸುಮಾರು 0.8 ಸೆಕೆಂಡ್ ತಡವಾಗಿ ಬರತೊಡಗಿತು. 1796ರಲ್ಲಿ ಕೆಲಸ ಹೋಯಿತು. ತಪ್ಪು ಕಿನ್ನೆಬ್ರೂಕ್‌ದೇ ಎಂದು ತೀರ್ಮಾನಿಸಿದ್ದು ಯಾವ ಆಧಾರದ ಮೇಲೆ? ಯಜಮಾನರ ಲೆಕ್ಕದ ಮೇಲೆ! 1820ರ ನಂತರ ಬೆಸೆಲ್ ಎಂಬ ಜರ್ಮನ್ ಖಗೋಳ ವಿಜ್ಞಾನಿ ಇದನ್ನು ಕೆದಕಿ, ತನ್ನ ಲೆಕ್ಕವನ್ನು ಬೇರೆ ನುರಿತವರ ಲೆಕ್ಕದ ಜೊತೆ ಇಟ್ಟು ನೋಡಿದರು. ಇಬ್ಬಿಬ್ಬರು ಪಂಡಿತರ ನಡುವೆಯೂ ವ್ಯತ್ಯಾಸ ಇತ್ತು. ಅದು ಸೋಮಾರಿತನವಲ್ಲ, ಅಳೆಯಬಹುದಾದ ಸಂಗತಿ. ಅಲ್ಲಿಂದ ಖಗೋಳ ವಿಜ್ಞಾನಿಗಳು ಬೈಯುವುದನ್ನು ಬಿಟ್ಟು ವ್ಯತ್ಯಾಸವನ್ನೇ ಲೆಕ್ಕಕ್ಕೆ ಹಿಡಿದರು.

ನಮ್ಮ ಹಾಳೆಯಲ್ಲಿ ಇದಕ್ಕಿಂತ ನವಿರಾದ ಒಂದು ಜಾರಿಕೆ ಇದೆ. ನನಗೆ ಇದರಷ್ಟು ಸೊಗಸಾದ ವಿಷಯ ಈ ಕ್ಷೇತ್ರದಲ್ಲಿ ಇನ್ನೊಂದಿಲ್ಲ. ತರಬೇತಿಯ ದಿನ 'ಹಲ್ಲು ಚರ್ಮಕ್ಕೆ ತಾಗಿದರೆ ಒಂದು ಗೀಟು' ಎಂದು ಕಲಿಸಿರುತ್ತಾರೆ. ಮೂರನೇ ವಾರಕ್ಕೆ ಮೆಲ್ಲಗೆ ತಾಗಿದ್ದು ಗೀಟಿನಿಂದ ಬಿಟ್ಟುಹೋಗುತ್ತದೆ. ಆರನೇ ವಾರಕ್ಕೆ ಹಲ್ಲಿನ ಗುರುತು ಮೂಡಿದರಷ್ಟೇ ಗೀಟು. ಯಾರೂ ಮೋಸ ಮಾಡಲಿಲ್ಲ. ತಂಬೂರಿ ಇಲ್ಲದೆ ಹಾಡುವವರ ಶ್ರುತಿ ಇಳಿದಂತೆ, ನೆರಳಚ್ಚಿನ ನೆರಳಚ್ಚು ತೆಗೆಯುತ್ತಾ ಹೋದರೆ ಅಕ್ಷರ ಮಸುಕಾದಂತೆ, ಒಳಗಿನ ಅಳತೆಗೋಲೇ ಸರಿದಿರುತ್ತದೆ. ಇಬ್ಬರು ಜೊತೆಯಾಗಿ ಕೆಲಸ ಮಾಡಿದರೆ ಇನ್ನೂ ಮಜಾ. ಒಂದೇ ಗೋಡೆಯ ಎರಡು ಗಡಿಯಾರಗಳು ಒಂದನ್ನೊಂದು ನೋಡಿಕೊಂಡು ಸರಿಪಡಿಸಿಕೊಂಡ ಹಾಗೆ ಇಬ್ಬರೂ ಸೇರಿಯೇ ಜಾರುತ್ತಾರೆ. ಇಬ್ಬರ ಲೆಕ್ಕವೂ ಪಕ್ಕಾ ಹೊಂದುತ್ತದೆ. ಎರಡೂ ತಪ್ಪು.

'ಪರೀಕ್ಷೆ ಮಾಡಿದರಾಯಿತು' ಅನ್ನಬಹುದು. 1970ರಲ್ಲಿ ಜಾನ್ ರೀಡ್ ಎಂಬ ಸಂಶೋಧಕರು ಇದನ್ನೇ ನೋಡಿದರು. ವೀಕ್ಷಕರಿಗೆ ತಮ್ಮ ಲೆಕ್ಕವನ್ನು ಯಾರೋ ತಾಳೆ ನೋಡುತ್ತಿದ್ದಾರೆ ಎಂದು ಗೊತ್ತಿದ್ದಾಗ ನಿಖರತೆ ಚೆನ್ನಾಗಿತ್ತು. ಯಾರೂ ನೋಡುತ್ತಿಲ್ಲ ಎಂದುಕೊಂಡಾಗ ದಿಢೀರ್ ಕುಸಿಯಿತು. 1973ರಲ್ಲಿ ರೊಮಾನ್ಜಿಕ್ ಮತ್ತು ಸಂಗಡಿಗರ ಪ್ರಯೋಗದಲ್ಲಿ ವೀಕ್ಷಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಇವತ್ತು ತಾಳೆ ನೋಡುವವರು ಯಾರು ಎಂದು ತಿಳಿದರೆ, ಅವರ ಅಳತೆಗೋಲಿಗೆ ತಮ್ಮದನ್ನು ಹೊಂದಿಸಿಕೊಂಡರು. ಆದ್ದರಿಂದ ತಿಂಗಳಿಗೊಮ್ಮೆ ಮುನ್ಸೂಚನೆ ಕೊಟ್ಟು ಮಾಡುವ ತಪಾಸಣೆ ತಪಾಸಣೆಯ ದಿನವನ್ನಷ್ಟೇ ಅಳೆಯುತ್ತದೆ.

ತಾಳೆಯ ಲೆಕ್ಕವೂ ಮೋಸ ಮಾಡುತ್ತದೆ. ಇಬ್ಬರ ನಡುವೆ 80% ಹೊಂದಿಕೆ ಇದ್ದರೆ ಸಾಕು ಎಂಬ ರೂಢಿ ಇದೆ. ಒಬ್ಬರು 20 ನಿಮಿಷದಲ್ಲಿ 10 ಗೀಟು ಹಾಕಿದರು, ಇನ್ನೊಬ್ಬರು 8. ಹೊಂದಿಕೆ 80%, ಎಲ್ಲರಿಗೂ ಖುಷಿ. ಆದರೆ ಮೊದಲನೆಯವರು ಆ 10ನ್ನೂ ಮೊದಲ 10 ನಿಮಿಷದಲ್ಲಿ, ಎರಡನೆಯವರು 8ನ್ನೂ ಕೊನೆಯ 10 ನಿಮಿಷದಲ್ಲಿ ಕಂಡಿದ್ದರೆ? ಒಂದು ಘಟನೆಯನ್ನೂ ಇಬ್ಬರೂ ಒಟ್ಟಿಗೆ ಕಂಡಿಲ್ಲ! ಒಟ್ಟು ಮೊತ್ತ ಬಿಡಿ, ನಿಮಿಷ ನಿಮಿಷಕ್ಕೆ ತಾಳೆ ಹಾಕಿ.

ಹಾಗಾದರೆ ಏನು ಮಾಡಬೇಕು? ಆ್ಯಪ್ ಕೊಳ್ಳುವುದು ಎಲ್ಲರಿಗೂ ಹೊಳೆಯುವ ಉತ್ತರ. ಆ್ಯಪ್ ಸಮಯ ಬರೆದಿಡುತ್ತದೆ, ಸಂಜೆ ಕೂತು ತುಂಬುವುದು ಬಯಲಾಗುತ್ತದೆ, ನಿಜ. ಆದರೆ ಯಾವುದು ಕಚ್ಚುವಿಕೆ, ಯಾವುದು ಅಲ್ಲ ಎಂದು ಅದು ಕಲಿಸುವುದಿಲ್ಲ. ಅದಕ್ಕೆ ತರಬೇತಿಯೇ ಬೇಕು: ಹೇಳುವುದು, ಮಾಡಿ ತೋರಿಸುವುದು, ಅವರಿಂದ ಮಾಡಿಸುವುದು, ಅಲ್ಲೇ ಸರಿತಪ್ಪು ಹೇಳುವುದು. ಸುಮ್ನೆ ಕೈಪಿಡಿ ಕೊಟ್ಟರೆ ಮೊದಲೆರಡು ಮೆಟ್ಟಿಲಿನ ಅರ್ಧವೂ ಆಗಲಿಲ್ಲ. ಆಮೇಲೆ ಕೆಲಸ ಹಗುರ ಮಾಡಿ. ದಿನವಿಡೀ ಪ್ರತಿ ಘಟನೆ ಎಣಿಸುವ ಬದಲು, ಸೊಂಟದ ಟೈಮರ್ ಕಂಪಿಸಿದ ಕ್ಷಣದಲ್ಲಿ ಮಾತ್ರ ತಲೆಯೆತ್ತಿ ನೋಡಿ 'ಹೌದು' ಅಥವಾ 'ಇಲ್ಲ' ಬರೆದರೆ ಅನೇಕ ವರ್ತನೆಗಳಿಗೆ ಸಾಕು. ಕೈ ಕಚ್ಚುವಂಥ ಕ್ಷಣಿಕ ವರ್ತನೆಗೆ ಮಾತ್ರ ಈ ಉಪಾಯ ಸಲ್ಲದು. ಟೈಮರ್ ಕಂಪಿಸುವಷ್ಟರಲ್ಲಿ ಅದು ಮುಗಿದಿರುತ್ತದೆ. ಅದನ್ನು ಎಣಿಸಲೇಬೇಕು, ಆದರೆ ದಿನಕ್ಕೆ ಎರಡು ಸಣ್ಣ ಅವಧಿ ಸಾಕು. ಆ ಹೊತ್ತಿಗೆ ಎಣಿಸಲೆಂದೇ ಒಬ್ಬರನ್ನು ಬಿಡಿ.

ಎಲ್ಲಕ್ಕಿಂತ ಮುಖ್ಯವಾಗಿ, ಗೀಟಿನ ಆಚೆ ಏನಾದರೂ ಆಗಲಿ. ಆ ವಾರದ ಲೆಕ್ಕದ ನಕ್ಷೆಯನ್ನು (ಗ್ರಾಫ್) ಗೀಟು ಹಾಕಿದವರ ಮುಂದೆಯೇ ಬಿಡಿಸಿ. 'ಮಂಗಳವಾರದ ನಿಮ್ಮ ಲೆಕ್ಕದಿಂದಲೇ ಈ ಕಾರ್ಯಕ್ರಮ ಬದಲಾಯಿಸಿದೆವು' ಎಂದು ಹೇಳಿ. ಹೆಚ್ಚು ಗೀಟು ಹಾಕಿದವರನ್ನು ಪ್ರಶ್ನಿಸುವ ಬದಲು ಥ್ಯಾಂಕ್ಸ್ ಹೇಳಿ.

1968ರಲ್ಲಿ ಬೇರ್, ವುಲ್ಫ್ ಮತ್ತು ರಿಸ್ಲಿ ಈ ಕ್ಷೇತ್ರಕ್ಕೆ ಅಡಿಪಾಯದಂಥ ಲೇಖನ ಬರೆದಾಗಲೇ ಎಚ್ಚರಿಸಿದ್ದರು: ನಕ್ಷೆಯಲ್ಲಿ ಕಾಣುವ ಬದಲಾವಣೆ ಲೆಕ್ಕ ಬರೆದವರ ವರ್ತನೆಯದ್ದೂ ಆಗಿರಬಹುದು. ನಿಮ್ಮ ನಕ್ಷೆಯಲ್ಲಿ ಗೆರೆ ಕೆಳಗಿಳಿದಿದೆಯೇ? ಮೊದಲ ವಾರದ ಒಂದು ವಿಡಿಯೊ, ಈ ವಾರದ ಒಂದು ವಿಡಿಯೊ ತೆಗೆದುಕೊಳ್ಳಿ. ತಾರೀಕು ಮುಚ್ಚಿ, ಈ ಮಗುವಿನ ಗುಂಪಿಗೆ ಸೇರದ, ಮೂಲ ವ್ಯಾಖ್ಯೆ ಕಲಿತ ಒಬ್ಬರಿಗೆ ಎಣಿಸಲು ಕೊಡಿ. ಅವರಿಗೆ ಎರಡರಲ್ಲೂ ಹತ್ತಿರ ಹತ್ತಿರ ಒಂದೇ ಸಂಖ್ಯೆ ಸಿಕ್ಕರೆ, ಇಷ್ಟು ದಿನ ಕಡಿಮೆಯಾಗುತ್ತಾ ಬಂದದ್ದು ಗೀಟುಗಳು ಮಾತ್ರ. ಮಗು ಮೊದಲಿನಷ್ಟೇ ಕಚ್ಚಿಕೊಳ್ಳುತ್ತಿದೆ.