ಸೋಮಾಲಿ ಹೆಣ್ಣಿನ ಹಕ್ಕಿಗೆ ಅಡ್ಡ ಇರೋದು ಧರ್ಮವಾ?

ಓದುಗರ ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಸೋಮಾಲಿಯಾದಿಂದ ಬಂದ ವಿದ್ಯಾರ್ಥಿನಿಯರಿದ್ದಾರೆ. ತಲೆ ತುಂಬಾ ಬಟ್ಟೆ ಹೊದ್ದು ಬರ್ತಾರೆ, ಆದರೆ ಕ್ಲಾಸಿನಲ್ಲಿ ಎಲ್ಲರಿಗಿಂತ ಜೋರಾಗಿ ವಾದ ಮಾಡ್ತಾರೆ. ಅವರ ದೇಶದಲ್ಲಿ ಹೆಣ್ಣಿಗೆ ಯಾವ ಹಕ್ಕೂ ಇಲ್ಲ ಅಂತ ಓದಿದ್ದೆ. ಅದಕ್ಕೆ ಕಾರಣ ಧರ್ಮ ತಾನೇ?

ಉತ್ತರ: ಧರ್ಮದ ಪಾಲು ಇದೆ, ಇಲ್ಲ ಅನ್ನಲಾರೆ. ಆದರೆ ಸೋಮಾಲಿ ಹೆಂಗಸರು ಇಷ್ಟು ವರ್ಷ ಯಾವ ಬಾಗಿಲು ಬಡಿದಿದ್ದಾರೆ ಅಂತ ನೋಡಿದರೆ, ಅದು ಹೆಚ್ಚಾಗಿ ಕುಲದ ಬಾಗಿಲು. ಅಲ್ಲಿಂದಲೇ ಶುರು ಮಾಡೋಣ.

ಆ ಹುಡುಗಿಯರ ಪೂರ್ತಿ ಹೆಸರು ಒಮ್ಮೆ ಕೇಳಿ ನೋಡಿ. ತನ್ನ ಹೆಸರು, ಅಪ್ಪನ ಹೆಸರು, ಅಜ್ಜನ ಹೆಸರು ಹೇಳುತ್ತಾರೆ. ಮದುವೆಯಾದ ಮೇಲೂ ಅದೇ. ಗಂಡನ ಹೆಸರು ಬಂದು ಅಂಟಿಕೊಳ್ಳುವುದಿಲ್ಲ. ಕೇಳೋದಕ್ಕೆ ಚೆನ್ನಾಗಿದೆ ಅಲ್ವಾ? ಆದರೆ ಇದರ ಅರ್ಥ ಅವಳು ಕೊನೆಯವರೆಗೂ ಅಪ್ಪನ ಕುಲದವಳು, ಅವಳ ಮಕ್ಕಳು ಮಾತ್ರ ಗಂಡನ ಕುಲದವರು. ನಮ್ಮಲ್ಲಿ ಒಂದೇ ಬೆಡಗಿನವರು ಮದುವೆಯಾಗುವುದಿಲ್ಲವಲ್ಲ, ಹಾಗೆಯೇ ಉತ್ತರದ ಒಂಟೆ ಸಾಕುವ ಸೋಮಾಲಿಗಳಲ್ಲಿ ಹತ್ತಿರದ ಕುಲದೊಳಗೆ ಹೆಣ್ಣು ತರದೆ ಹೊರಗಿನಿಂದ ತರುವುದು ರೂಢಿ. ಹಾಗಾಗಿ ಹೆಣ್ಣು ಎರಡು ಕುಲಗಳ ನಡುವೆ ನಿಂತಿರುತ್ತಾಳೆ. ಎರಡು ಕಡೆಯವರೂ ಅವಳನ್ನು ಪೂರ್ತಿ ತಮ್ಮವಳು ಅಂತ ನಂಬುವುದಿಲ್ಲ.

ಅಲ್ಲಿ ಕುಲ ಅಂದರೆ ಬರೀ ಮದುವೆ ಸಂಬಂಧದ ಲೆಕ್ಕ ಅಲ್ಲ. ಅದೇ ಕೋರ್ಟು, ಅದೇ ಪೊಲೀಸು, ಅದೇ ವಿಮೆ. ಯಾರಾದರೂ ಕೊಲೆ ಮಾಡಿದರೆ ದಂಡ ಕಟ್ಟುವುದು ಅವನೊಬ್ಬನೇ ಅಲ್ಲ, ಅವನ ಕುಲದ ಗಂಡಸರೆಲ್ಲ ಸೇರಿ. ಈ ಪರಿಹಾರಕ್ಕೆ 'ಮಗ್' ಅನ್ನುತ್ತಾರೆ. ಕುಲಗಳ ನಡುವಿನ ಕಟ್ಟಳೆಗೆ 'ಹೇರ್' ಅಂತ ಹೆಸರು. ಅದನ್ನು ಬರೆದಿಟ್ಟವರಿಲ್ಲ. ಹಿರಿಯರು ಮರದ ನೆರಳಿನಲ್ಲಿ ಕೂತು, ಹಳೆಯ ತೀರ್ಪುಗಳನ್ನು ನೆನಪು ಮಾಡಿಕೊಂಡು ಹೇಳುವುದು. ಆ ನೆರಳಿನಲ್ಲಿ ಹೆಂಗಸರಿಗೆ ಜಾಗವಿಲ್ಲ.

ರೂಢಿಯ ಲೆಕ್ಕ ಹೀಗಿದೆ: ಕೊಲೆಯಾದವನು ಗಂಡಸಾದರೆ 100 ಒಂಟೆ, ಹೆಂಗಸಾದರೆ 50. ಅತ್ಯಾಚಾರವನ್ನೂ ಇದೇ ಕಟ್ಟಳೆಯಲ್ಲಿ ತೀರಿಸಿದ್ದು ಎಷ್ಟೋ ಸಲ. ಹುಡುಗಿಯ ಕಡೆಯ ಗಂಡಸರು ಪರಿಹಾರ ತಗೊಳ್ಳುತ್ತಾರೆ, ಕೆಲವೊಮ್ಮೆ ಆ ಹುಡುಗನಿಗೇ ಅವಳನ್ನು ಮದುವೆ ಮಾಡಿಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅವಳನ್ನು ಯಾರೂ ಕೇಳುವುದಿಲ್ಲ. ಗಂಡ ಸತ್ತರೆ ಅವನ ಅಣ್ಣನೋ ತಮ್ಮನೋ ವಿಧವೆಯನ್ನು ಕೂಡಿಕೆ ಮಾಡಿಕೊಳ್ಳುವುದಕ್ಕೆ 'ದುಮಾಲ್' ಎನ್ನುತ್ತಾರೆ. ಎರಡು ಕುಲಗಳ ರಕ್ತದ ಹಗೆ ತೀರಿಸಲು ಹುಡುಗಿಯನ್ನು ಕೊಡುವ ಪದ್ಧತಿಯೂ ಇತ್ತು. ಓದುತ್ತಾ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಇದರಲ್ಲಿ ಎಷ್ಟೋ ಸಂಗತಿಗಳನ್ನು ಅಲ್ಲಿನ ಧರ್ಮಪಂಡಿತರೇ ಒಪ್ಪುವುದಿಲ್ಲ. ಹೆಣ್ಣಿನ ಒಪ್ಪಿಗೆ ಇಲ್ಲದೆ ಮದುವೆ ಇಲ್ಲ ಅನ್ನುವುದು ಅವರ ವಾದ.

ಆಸ್ತಿಯ ವಿಷಯದಲ್ಲಿ ಇದು ಇನ್ನೂ ನಿಚ್ಚಳವಾಗಿ ಕಾಣುತ್ತದೆ. ಶರಿಯತ್ ಪ್ರಕಾರ ಮಗಳಿಗೆ ಮಗನ ಪಾಲಿನ ಅರ್ಧ. ನಮಗೆ ಅದು ಅನ್ಯಾಯ ಅನ್ನಿಸುತ್ತದೆ, ನನಗೂ ಅನ್ನಿಸುತ್ತದೆ. ಆದರೆ ಕುಲದ ರೂಢಿಯಲ್ಲಿ ಒಂಟೆ ಮಗಳ ಪಾಲಿಗೆ ಬರುವುದೇ ಇಲ್ಲ. ಮಗಳಿಗೆ ಕೊಟ್ಟರೆ ಅದು ಮುಂದೆ ಬೇರೆ ಕುಲದ ಮೊಮ್ಮಕ್ಕಳಿಗೆ ಹೋಗುತ್ತದಲ್ಲ ಎಂಬ ಲೆಕ್ಕ. ಹಾಗಾಗಿ 'ನನಗೆ ಶರಿಯತ್ ಪ್ರಕಾರ ಕೊಡಿ' ಅಂತ ಕೇಳುವ ಸೋಮಾಲಿ ಹೆಣ್ಣು ಇದ್ದುದಕ್ಕಿಂತ ಜಾಸ್ತಿ ಕೇಳುತ್ತಿದ್ದಾಳೆ. ಹೊರಗಿನವರಿಗೆ ಅರ್ಥವಾಗದೇ ಹೋಗುವುದು ಇದೇ. ಧರ್ಮವನ್ನು ಹಿಡಿದುಕೊಂಡೇ ರೂಢಿಯ ಜೊತೆ ಜಗಳ ಆಡುವ ಹೆಂಗಸರು ಅಲ್ಲಿ ಬಹಳ.

ಹಾಗಾದರೆ ಹೆಣ್ಣುಮಕ್ಕಳ ಜನನಾಂಗ ಕೊಯ್ಯುವ ಪದ್ಧತಿ? ಅದಕ್ಕೆ ಧರ್ಮದ ಹೆಸರು ಹೇಳುತ್ತಾರೆ, ನಿಜ. ಆದರೆ ಕೊಯ್ದು ಹೊಲಿಯುವ ಅತಿ ಕ್ರೂರ ವಿಧಾನಕ್ಕೆ ಸೋಮಾಲಿಗಳೇ ಇಟ್ಟ ಹೆಸರು 'ಫಿರ್‌ಔನಿ'. ಅಂದರೆ ಈಜಿಪ್ಟಿನ ಫೇರೋಗಳ ಕಾಲದ್ದು. ಕುರಾನಿನಲ್ಲಿ ಇದರ ಮಾತಿಲ್ಲ. ಪಕ್ಕದ ಇಥಿಯೋಪಿಯಾ, ಎರಿಟ್ರಿಯಾದ ಕ್ರೈಸ್ತರಲ್ಲೂ ಕೊಯ್ಯುವ ಪದ್ಧತಿ ಇದೆ. 2020ರ ಆರೋಗ್ಯ ಸಮೀಕ್ಷೆಯ ಪ್ರಕಾರ ಸೋಮಾಲಿಯಾದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 99% ಜನ ಇದಕ್ಕೆ ಒಳಗಾದವರು. ಮತ್ತೊಮ್ಮೆ ಓದಿ. ನೂರಕ್ಕೆ ತೊಂಬತ್ತೊಂಬತ್ತು.

ಇದರ ಬಗ್ಗೆ ಬಾಯಿಬಿಟ್ಟು ಮಾತಾಡಿದವರಲ್ಲಿ ಎದ್ನಾ ಆದನ್ ಇಸ್ಮಾಯಿಲ್ ಮೊದಲಿಗರು. ವೃತ್ತಿಯಲ್ಲಿ ನರ್ಸ್, ಸೂಲಗಿತ್ತಿ. ಎಂಟನೇ ವಯಸ್ಸಿನಲ್ಲಿ ಅವರಿಗೂ ಇದು ಆಗಿತ್ತು. 1976ರಿಂದ ಅವರು ಇದರ ವಿರುದ್ಧ ಬಹಿರಂಗವಾಗಿ ಮಾತಾಡುತ್ತಾ ಬಂದರು. 2002ರಲ್ಲಿ ಹರ್ಗೇಸಾದಲ್ಲಿ (1991ರಲ್ಲಿ ಸೋಮಾಲಿಯಾದಿಂದ ತಾನು ಬೇರೆ ಅಂತ ಘೋಷಿಸಿಕೊಂಡ ಸೋಮಾಲಿಲ್ಯಾಂಡಿನ ರಾಜಧಾನಿ) ಕೈಯಲ್ಲಿದ್ದ ದುಡ್ಡೆಲ್ಲ ಸುರಿದು ಹೆರಿಗೆ ಆಸ್ಪತ್ರೆ ಕಟ್ಟಿದರು, ಸೂಲಗಿತ್ತಿಯರನ್ನು ತಯಾರು ಮಾಡಿದರು. 2012ರ ಸೋಮಾಲಿಯಾ ಸಂವಿಧಾನದ 15ನೇ ವಿಧಿ ಈ ಪದ್ಧತಿಯನ್ನು ನಿಷೇಧಿಸಿತು. 2018ರಲ್ಲಿ ಸೋಮಾಲಿಲ್ಯಾಂಡಿನ ಧಾರ್ಮಿಕ ಇಲಾಖೆ ಅತಿ ಕ್ರೂರ ವಿಧಾನಗಳ ವಿರುದ್ಧ ಫತ್ವಾ ಹೊರಡಿಸಿತು. ಆದರೆ 'ಸುನ್ನ' ಅಂತ ಕರೆಯುವ, ಕಡಿಮೆ ಕೊಯ್ಯುವ ವಿಧಾನವನ್ನು ಮುಟ್ಟಲಿಲ್ಲ. ಈಗಿನ ಜಗಳ ಅಲ್ಲೇ ನಿಂತಿದೆ. ಸ್ವಲ್ಪ ಕೊಯ್ಯಬಹುದಾ, ಒಂದಿಷ್ಟೂ ಕೊಯ್ಯಬಾರದಾ? ಒಂದಿಷ್ಟೂ ಕೊಯ್ಯಬಾರದು ಅನ್ನುವವರ ಕಡೆಗೇ ನಾನು.

ಇಷ್ಟೆಲ್ಲ ಹೇಳಿದ ಮೇಲೆ 'ಪಾಪದ ಹೆಂಗಸರು' ಅಂತ ಅನ್ನಿಸಿದರೆ ಸ್ವಲ್ಪ ತಡೆಯಿರಿ. ಅಲೆಮಾರಿ ಸೋಮಾಲಿಗಳ ಮನೆ ನೋಡಿ. ಅದಕ್ಕೆ 'ಅಕಲ್' ಅನ್ನುತ್ತಾರೆ. ಬಗ್ಗಿಸಿದ ಕೋಲುಗಳನ್ನು ನೆಲಕ್ಕೆ ನೆಟ್ಟು, ಗುಮ್ಮಟದ ಹಾಗೆ ಮೇಲೆ ಕಟ್ಟಿ, ನಾರಿನ ಚಾಪೆ ಹೊದಿಸಿದ ಗುಡಿಸಲು. ಚಾಪೆ ನೇಯುವವಳು ಹೆಂಗಸು. ಕೋಲು ನೆಡುವವಳು ಹೆಂಗಸು. ಮಳೆ ಬಂದ ಕಡೆಗೆ ಹೊರಟಾಗ ಬಿಚ್ಚಿ, ಸುತ್ತಿ, ಒಂಟೆಯ ಬೆನ್ನಿಗೆ ಹೇರುವವಳೂ ಅವಳೇ. ಹಾಲಿನ ಬುಟ್ಟಿಯನ್ನು ಬೇರಿನ ನಾರಿನಿಂದ ಸೋರದ ಹಾಗೆ ಹೆಣೆದು, ಕೆಂಡದ ಕೊಳ್ಳಿಯಿಂದ ಒಳಗೆಲ್ಲ ಹೊಗೆ ಹಾಯಿಸಿ ಶುಚಿ ಮಾಡುತ್ತಾಳೆ. ಆ ಮನೆ ಅವಳದು. ಒಂಟೆ ಮಾತ್ರ ಗಂಡಸಿನದು. ಬೆಲೆ ಇರುವುದು ಒಂಟೆಗೆ.

ಹಾಲು ತುಂಬಿದ ಎದೆಯಲ್ಲಿ ಬುದ್ಧಿ ತುಂಬದು ಅಂತ ಒಂದು ಸೋಮಾಲಿ ಗಾದೆ. ಅದೇ ಸೋಮಾಲಿಯಲ್ಲಿ 'ಬುರಾನ್‌ಬುರ್' ಅಂತ ಹೆಂಗಸರದೇ ಕಾವ್ಯ ಪ್ರಕಾರವಿದೆ. ಮದುವೆಯಲ್ಲಿ ಚಪ್ಪಾಳೆ, ಡೋಲಿನ ಜೊತೆ ಹಾಡುತ್ತಾರೆ. ಅದರಲ್ಲಿ ಸರ್ಕಾರವನ್ನು ಬೈದಿದ್ದಾರೆ, ಯುದ್ಧ ನಿಲ್ಲಿಸಿ ಅಂತ ಅತ್ತಿದ್ದಾರೆ.

ಸರ್ಕಾರದ ಕಾನೂನು ಏನೂ ಮಾಡಲಿಲ್ಲವಾ? ಮಾಡಿತು, ಕೆಟ್ಟ ರೀತಿಯಲ್ಲಿ. 1969ರಲ್ಲಿ ಸೇನೆಯ ಬಲದಿಂದ ಅಧಿಕಾರ ಹಿಡಿದ ಸಿಯಾದ್ ಬರ್ರೆ 1975ರ ಜನವರಿಯಲ್ಲಿ ಹೊಸ ಕುಟುಂಬ ಕಾನೂನು ತಂದ. ಆಸ್ತಿಯಲ್ಲಿ ಗಂಡು ಹೆಣ್ಣಿಗೆ ಸಮಪಾಲು. ಮಸೀದಿಗಳಲ್ಲಿ ವಿರೋಧ ಎದ್ದಿತು. ಅದೇ ತಿಂಗಳು ಹತ್ತು ಧರ್ಮಪಂಡಿತರನ್ನು ಗುಂಡಿಟ್ಟು ಕೊಲ್ಲಿಸಿದ. ಇದರಿಂದ ಆದ ನಷ್ಟ ಇವತ್ತಿಗೂ ತುಂಬಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಹೆಣ್ಣಿನ ಹಕ್ಕು ಅಂದ ಕೂಡಲೇ ಎಷ್ಟೋ ಜನಕ್ಕೆ ಆ ಹತ್ತು ಹೆಣ ನೆನಪಾಗುತ್ತವೆ. ಯಾರೋ ಹೆಂಗಸರು ಕೇಳಿದ ಹಕ್ಕನ್ನು ಸರ್ವಾಧಿಕಾರಿಯ ಬಂದೂಕಿನ ಲೆಕ್ಕಕ್ಕೆ ಬರೆದುಬಿಟ್ಟರು.

1991ರಲ್ಲಿ ಸರ್ಕಾರ ಕುಸಿಯಿತು. ಕುಲ ಕುಲಗಳ ನಡುವೆ ಯುದ್ಧ. ಗಂಡಸರು ಸತ್ತರು, ಕೈಕಾಲು ಕಳಕೊಂಡರು, ಊರು ಬಿಟ್ಟರು. ಮನೆ ನಡೆಸಿದವರು ಹೆಂಗಸರು. ಒಂಟೆ ಹಾಲು ಮಾರಿದರು, ಚಹಾ ಮಾರಿದರು, ಬಟ್ಟೆ ಮಾರಿದರು. ಬಂಡವಾಳಕ್ಕೆ 'ಹಗ್ಬಾದ್' ಹಾಕಿದರು. ಅದು ನಮ್ಮ ಹೆಂಗಸರು ಹಾಕುವ ಚೀಟಿಯ ಥರವೇ. ಹತ್ತು ಜನ ಸೇರಿ ತಿಂಗಳಿಗಿಷ್ಟು ಅಂತ ಹಾಕೋದು, ಒಬ್ಬೊಬ್ಬರ ಸರದಿ ಬಂದಾಗ ಪೂರ್ತಿ ಎತ್ತೋದು. ಕಾಗದ ಇಲ್ಲ, ಸಹಿ ಇಲ್ಲ, ಬರೀ ನಂಬಿಕೆ. ಲಂಡನ್ನಿನಲ್ಲಿ, ಮಿನ್ನಿಯಾಪೊಲಿಸ್‌ನಲ್ಲಿ ಇರುವ ಸೋಮಾಲಿ ಹೆಂಗಸರೂ ಇದನ್ನು ಬಿಟ್ಟಿಲ್ಲ. ಅದೇ ಕಾಲದಲ್ಲಿ ಡಾಕ್ಟರ್ ಹಾವಾ ಅಬ್ದಿ ಮೊಗದಿಶು ಹೊರಗಿನ ತಮ್ಮ ಜಮೀನಿನಲ್ಲಿ ಸಾವಿರಾರು ನಿರಾಶ್ರಿತರನ್ನು ಇಟ್ಟುಕೊಂಡು ಆಸ್ಪತ್ರೆ ನಡೆಸಿದರು. 2010ರಲ್ಲಿ ಬಂದೂಕು ಹಿಡಿದವರು ನುಗ್ಗಿ ಆಸ್ಪತ್ರೆ ಬಿಟ್ಟುಕೊಡು ಅಂದಾಗ ಅವರು ಬಗ್ಗಲಿಲ್ಲ.

ದುಡಿಮೆ ಹೆಂಗಸರ ಕೈಗೆ ಬಂತು, ಮಾತು ಬರಲಿಲ್ಲ. ಶಾಂತಿ ಮಾತುಕತೆಗೆ ಕರೆಯುತ್ತಿದ್ದುದು ಕುಲದ ಮುಖಂಡರನ್ನು.

2000ದಲ್ಲಿ ಪಕ್ಕದ ಜಿಬೂಟಿಯ ಆರ್ತಾ ಊರಿನಲ್ಲಿ ದೊಡ್ಡ ಶಾಂತಿ ಸಭೆ ನಡೆಯಿತು. ಕುಲವಾರು ಕುರ್ಚಿ. ನಾಲ್ಕು ದೊಡ್ಡ ಕುಲಗಳು, ಉಳಿದ ಸಣ್ಣ ಗುಂಪುಗಳೆಲ್ಲ ಸೇರಿ ಐದನೆಯದು. ಹೆಂಗಸರು ಯಾವ ಸಾಲಿನಲ್ಲಿ ಕೂರಬೇಕು? ಅಪ್ಪನ ಕುಲದವರು 'ನೀನು ಕೊಟ್ಟ ಹೆಣ್ಣು' ಅಂದರು, ಗಂಡನ ಕುಲದವರು 'ನೀನು ಬೇರೆಯವಳು' ಅಂದರು. ಆಶಾ ಹಾಜಿ ಎಲ್ಮಿ ಎಂಬ ಮಹಿಳೆ ಹುಟ್ಟಿದ್ದು ಒಂದು ಕುಲದಲ್ಲಿ, ಮದುವೆಯಾದದ್ದು ಇನ್ನೊಂದಕ್ಕೆ. ಅವರು ಮತ್ತು ಜೊತೆಯ ಹೆಂಗಸರು ಸೇರಿ, ಹಾಗಾದರೆ ನಾವೇ ಒಂದು ಕುಲ, ಆರನೇ ಕುಲ ಅಂತ ಘೋಷಿಸಿಬಿಟ್ಟರು. ಕುಲದ ಲೆಕ್ಕವನ್ನೇ ಹಿಡಿದು ಕುಲದ ಬೀಗ ತೆಗೆದದ್ದು. ನನಗೆ ಈ ಕಥೆ ಎಷ್ಟು ಸಲ ಓದಿದರೂ ಮೈ ಜುಮ್ಮೆನ್ನುತ್ತದೆ. ಆ ಸಭೆಯಲ್ಲಿ ರಚಿಸಿದ 245 ಸ್ಥಾನಗಳ ಮಧ್ಯಂತರ ಸಂಸತ್ತಿನಲ್ಲಿ ಹೆಂಗಸರಿಗೆ 25 ಸ್ಥಾನ ಸಿಕ್ಕಿತು. 2004ರಲ್ಲಿ ನೈರೋಬಿಯ ಶಾಂತಿ ಒಪ್ಪಂದಕ್ಕೆ ಆಶಾ ಸಹಿ ಹಾಕಿದರು.

ಆಮೇಲೆ 30% ಮೀಸಲಾತಿಯ ಮಾತು ಬಂತು. 2016ರ ಆಯ್ಕೆಯಲ್ಲಿ ಸಂಸತ್ತಿನಲ್ಲಿ ಹೆಂಗಸರು 24% ಮುಟ್ಟಿದರು. 2022ಕ್ಕೆ ಕೆಳಮನೆಯಲ್ಲಿ ಅದು ಸುಮಾರು 20%ಕ್ಕೆ ಇಳಿಯಿತು. ಯಾಕೆ ಅಂದರೆ, ಆಗ ಸ್ಥಾನ ಇದ್ದದ್ದು ಕುಲದ ಹೆಸರಿನಲ್ಲಿ, ಮತ ಹಾಕುವ ಪ್ರತಿನಿಧಿಗಳನ್ನು ಆರಿಸುವುದರಲ್ಲಿ ಕುಲದ ಹಿರಿಯರದೇ ಕೈ ಇತ್ತು. ನಾಳೆ ಗಂಡನ ಕುಲಕ್ಕೆ ಒಲಿಯುವ ಹೆಣ್ಣಿಗೆ ನಮ್ಮ ಕುಲದ ಕುರ್ಚಿ ಯಾಕೆ ಕೊಡಬೇಕು ಅನ್ನುವುದು ಅವರ ಯೋಚನೆ. ಜನರೇ ನೇರವಾಗಿ ಮತ ಹಾಕಿದರೆ ಸರಿಹೋಗುತ್ತದಾ ಅಂದರೆ, ಸೋಮಾಲಿಲ್ಯಾಂಡಿನಲ್ಲಿ 2021ರಲ್ಲಿ ನೇರ ಚುನಾವಣೆ ನಡೆಯಿತು. 82 ಸ್ಥಾನಕ್ಕೆ 13 ಹೆಂಗಸರು ನಿಂತರು. ಒಬ್ಬರೂ ಗೆಲ್ಲಲಿಲ್ಲ. ಮತ ಹಾಕುವವರೂ ಕುಲ ನೋಡಿಯೇ ಹಾಕಿದ್ದರು.

ಅದಕ್ಕೇ ನಿಮ್ಮ ಕ್ಲಾಸಿನ ಹುಡುಗಿಯರ ತಲೆಬಟ್ಟೆ ನೋಡಿ ಏನೂ ತೀರ್ಮಾನ ಮಾಡಬೇಡಿ ಅಂತ ಕೇಳಿಕೊಳ್ಳುತ್ತೇನೆ. ಅವರ ಅಮ್ಮಂದಿರ ತಲೆಮಾರು ಯುದ್ಧದಲ್ಲಿ ಮನೆ ಹೊತ್ತ ತಲೆಮಾರು. ಅವರು ಇಲ್ಲಿ ಓದುತ್ತಿರುವ ಫೀಸಿನಲ್ಲಿ ಯಾವಳೋ ತಾಯಿ ಎತ್ತಿದ ಹಗ್ಬಾದಿನ ದುಡ್ಡೂ ಇರಬಹುದು. ಪರಿಚಯ ಆದ ಮೇಲೆ 'ನಿಮ್ಮಲ್ಲಿ ಹಗ್ಬಾದ್ ಯಾರು ನಡೆಸ್ತಾರೆ?' ಅಂತ ಕೇಳಿ. ಮಾತು ತಾನಾಗಿ ಶುರುವಾಗುತ್ತದೆ.