ಹಾರ್ಮೋನ್ ಬೇಡ ಅನ್ನುವ ಹೆಂಗಸರಿಗೆ ಏನಿದೆ?

ಡೊಂಬಿವಲಿ, ಮುಲುಂಡ್ ಕಡೆ ನಮ್ಮ ಕನ್ನಡದ ಹೆಂಗಸರು ಸೇರಿದಾಗ ಬಸಿರಾಗದಂತೆ ತಡೆಯುವ ವಿಷಯ ಬಂದರೆ ಮಾತು ಒಂದೇ ದಾರಿ ಹಿಡಿಯುತ್ತದೆ. ಮಾತ್ರೆ ತಗೊಂಡರೆ ಮೈ ಬರುತ್ತೆ, ತಾಂಬಿ, ಅಂದರೆ ಗರ್ಭಕೋಶದಲ್ಲಿ ಇಡುವ ವಂಕಿ, ಹಾಕಿಸಿದರೆ ರಕ್ತ ಜಾಸ್ತಿ ಹೋಗುತ್ತೆ, ಎರಡು ಮಕ್ಕಳಾದ ಮೇಲೆ ಆಪರೇಶನ್ನೇ ವಾಸಿ. ಗಂಡಸರ ಆಪರೇಶನ್ ಹೆಸರನ್ನು ಯಾರೂ ಎತ್ತುವುದಿಲ್ಲ, ಬಿಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಅದನ್ನೇ ಹೇಳುತ್ತದೆ: ಮದುವೆಯಾದ ಹೆಂಗಸರಲ್ಲಿ ಆಪರೇಶನ್ ಮಾಡಿಸಿಕೊಂಡವರು ಶೇ. 37.9, ವಂಕಿ ಹಾಕಿಸಿಕೊಂಡವರು ಶೇ. 2.1. ಗಂಡ ಆಪರೇಶನ್ ಮಾಡಿಸಿಕೊಂಡದ್ದು ಶೇ. 0.3.

ಹಾರ್ಮೋನ್ ಮಾತ್ರೆ ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1960ರಲ್ಲಿ. ಅದಕ್ಕೂ ಎಷ್ಟೋ ಮೊದಲು, 1921ರಲ್ಲೇ, ರಘುನಾಥ ಧೋಂಡೋ ಕರ್ವೆ ಮುಂಬೈಯಲ್ಲಿ ಸಂತತಿ ನಿಯಂತ್ರಣದ ಕ್ಲಿನಿಕ್ ತೆರೆದರು. ವಿಲ್ಸನ್ ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದವರು, ಈ ಕೆಲಸಕ್ಕಾಗಿ ಆ ನೌಕರಿಯನ್ನೇ ಕಳೆದುಕೊಂಡರು. 1930ರಲ್ಲಿ ನಮ್ಮ ಮೈಸೂರು ಸರ್ಕಾರ ಇಂಥ ಕ್ಲಿನಿಕ್‌ಗಳನ್ನು ತಾನೇ ನಡೆಸಲು ಹೊರಟಿತು. 1949ರಲ್ಲಿ ಮುಂಬೈಯಲ್ಲಿ ಕುಟುಂಬ ಯೋಜನಾ ಸಂಘ ಕಟ್ಟಿದ ಧನ್ವಂತಿ ರಾಮರಾವ್ ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಇವತ್ತು ಪರೇಲ್‌ನಲ್ಲಿರುವ ಸಂತಾನೋತ್ಪತ್ತಿ ಆರೋಗ್ಯದ ರಾಷ್ಟ್ರೀಯ ಸಂಶೋಧನಾ ಸಂಸ್ಥೆ 1954ರಲ್ಲಿ ಶುರುವಾದದ್ದೂ ಗರ್ಭನಿರೋಧಕಗಳನ್ನು ಪರೀಕ್ಷಿಸುವ ಒಂದು ಘಟಕವಾಗಿ.

ಆಗ ಹೆಂಗಸರಿಗೆ ಇದ್ದದ್ದು ಯೋನಿಯೊಳಗೆ ಇಡುವ ರಬ್ಬರ್ ಕ್ಯಾಪ್, ಜೆಲ್ಲಿ, ನೊರೆ ಮಾತ್ರೆ. ಹಾರ್ಮೋನಿನ ಸುದ್ದಿಯೇ ಇಲ್ಲ. ಆದರೆ ಅತ್ತೆ ಮಾವ ಮಕ್ಕಳೆಲ್ಲ ಮಲಗುವ ಚಾಳಿನ ಒಂದೇ ಕೋಣೆಯಲ್ಲಿ ಇವನ್ನು ಎಲ್ಲಿ ತೊಳೆಯುವುದು, ಎಲ್ಲಿ ಬಚ್ಚಿಡುವುದು?

ಅದಕ್ಕೇ ಇರಬೇಕು, 1965ರಲ್ಲಿ ಸರ್ಕಾರ ಲಿಪ್ಪೆಸ್ ಲೂಪ್ ಎಂಬ ವಂಕಿ ತಂದಾಗ ಎಲ್ಲರಿಗೂ ಭಾರೀ ಆಸೆ. ಪ್ಲಾಸ್ಟಿಕ್ಕಿನದು, ಒಮ್ಮೆ ಹಾಕಿಸಿಕೊಂಡರೆ ಮುಗಿಯಿತು ಅಂತ. ಶಿಬಿರಗಳಾದವು, ಇಷ್ಟು ಜನಕ್ಕೆ ಹಾಕಲೇಬೇಕು ಅಂತ ಗುರಿ ಕೊಟ್ಟರು. ಹಾಕಿದ ಮೇಲೆ ರಕ್ತ ಹೋದರೆ, ಸೊಂಟ ಹಿಡಿದರೆ, ಲೂಪ್ ತಾನೇ ಜಾರಿ ಬಂದರೆ ಕೇಳುವವರು ಕಡಿಮೆ. ಒಂದೆರಡು ವರ್ಷದಲ್ಲೇ ಜನ ಹಿಂದೆ ಸರಿದರು. ನನ್ನ ಪ್ರಕಾರ ವಂಕಿಯ ಮೇಲಿನ ಅಪನಂಬಿಕೆ ಅಲ್ಲಿಂದಲೇ ಮನೆಮನೆಗೆ ಹಬ್ಬಿದ್ದು. ಅದು ಹೊಟ್ಟೆಗೆ ಏರಿ ಎದೆಗೆ ಹೋಗುತ್ತದೆ ಅನ್ನುವ ಕತೆ ಈಗಲೂ ಕೇಳಿಬರುತ್ತದೆ. ಅದು ಸುಳ್ಳು. ಮುಟ್ಟು ಜಾಸ್ತಿ ಆಗುತ್ತದೆ ಅನ್ನುವುದು ಮಾತ್ರ ನಿಜ.

1960ರ ದಶಕದ ಕೊನೆಯಲ್ಲಿ ಚಿಲಿಯ ವೈದ್ಯ ಹೈಮೆ ಸಿಪ್ಪರ್ ತಾಮ್ರದ ಗುಣ ಗುರುತಿಸಿದರು. ತಾಮ್ರದಿಂದ ಬಿಡುಗಡೆಯಾಗುವ ಅತಿ ಸಣ್ಣ ಕಣಗಳು (ಅಯಾನುಗಳು) ವೀರ್ಯಾಣುಗಳನ್ನು ಕೈಲಾಗದ ಹಾಗೆ ಮಾಡುತ್ತವೆ. ಹಾವರ್ಡ್ ಟೇಟಮ್ ರೂಪಿಸಿದ ಟಿ ಆಕಾರದ ಪ್ಲಾಸ್ಟಿಕ್ಕಿಗೆ ಅದನ್ನು ಸುತ್ತಿದ್ದೇ ಕಾಪರ್-ಟಿ. ಅದರ ಈಗಿನ ಮಾದರಿ 380ಎ ಹತ್ತು ವರ್ಷ ನಡೆಯುತ್ತದೆ. ಅಷ್ಟರಲ್ಲಿ ಅಮೆರಿಕದಲ್ಲಿ ಡಾಲ್ಕನ್ ಶೀಲ್ಡ್ ಎಂಬ ವಂಕಿಯಿಂದ ಎಷ್ಟೋ ಹೆಂಗಸರಿಗೆ ಸೋಂಕಾಗಿ, ಮೊಕದ್ದಮೆಗಳಾಗಿ, 1985ರಲ್ಲಿ ಅದನ್ನು ಮಾಡಿದ ಕಂಪನಿಯೇ ದಿವಾಳಿ ಅರ್ಜಿ ಹಾಕಿತು. ಗಟ್ಟಿಮುಟ್ಟಾದ ಹೆಂಗಸು ವರ್ಷಗಟ್ಟಲೆ ಬಳಸುವ ವಸ್ತುವಿನಲ್ಲಿ ಸಣ್ಣ ತೊಂದರೆಯೂ ದೊಡ್ಡದೇ ಅಲ್ವಾ? ಕಂಪನಿಗಳು ಹೆದರಿದವು. ಅಮೆರಿಕ 1984ರಲ್ಲಿ ಒಂದು ತಾಮ್ರದ ವಂಕಿಗೆ ಒಪ್ಪಿಗೆ ಕೊಟ್ಟ ಮೇಲೆ ಇನ್ನೊಂದಕ್ಕೆ, ಮಿಯುಡೆಲ್ಲಾಗೆ, ಕೊಟ್ಟದ್ದು 2025ರಲ್ಲಿ! ನಡುವೆ 2020ರಲ್ಲಿ ಫೆಕ್ಸಿ ಜೆಲ್ ಬಂತು. ಯೋನಿಯ ಹುಳಿ ಗುಣವನ್ನು ಕಾಪಾಡಿ ವೀರ್ಯಾಣುಗಳನ್ನು ತಡೆಯುತ್ತದೆ. ಆದರೆ ಏಳು ಮುಟ್ಟಿನ ಅವಧಿಯ ಪರೀಕ್ಷೆಯಲ್ಲಿ ನೂರಕ್ಕೆ ಸುಮಾರು 14 ಮಂದಿ ಬಸಿರಾದರು.

ನಮ್ಮದೇ ಒಂದು ಮಾತ್ರೆ ಇದೆ. ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯ ಸೆಂಟ್‌ಕ್ರೋಮನ್, 1991ರಿಂದ 'ಸಹೇಲಿ' ಹೆಸರಲ್ಲಿ ಅಂಗಡಿಗೆ ಬಂದದ್ದು. ಸ್ಟಿರಾಯ್ಡ್ ಹಾರ್ಮೋನ್ ಅಲ್ಲ. ಗರ್ಭಕೋಶದಲ್ಲಿ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನ್ ಕೂರುವ ಜಾಗದಲ್ಲಿ ತಾನು ಕೂತು, ಗರ್ಭ ನಿಲ್ಲದಂತೆ ಮಾಡುತ್ತದೆ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೊಂದು. ಸರ್ಕಾರದ ಕಾರ್ಯಕ್ರಮಕ್ಕೆ 'ಛಾಯಾ' ಆಗಿ ಇದನ್ನು ಸೇರಿಸಲು 2016ರ ತನಕ ಯಾಕೆ ಕಾಯಬೇಕಿತ್ತೋ! ಈಗ ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ. ಕೆಲವರಿಗೆ ಮುಟ್ಟು ತಡವಾಗುತ್ತದೆ, ಬಸಿರಾದೆನೋ ಅಂತ ಗಾಬರಿ ಆಗುತ್ತದೆ. ಇದನ್ನು ಮೊದಲೇ ಹೇಳಿ ಕೊಡಬೇಕು. ಪಿಸಿಒಡಿ (ಅಂಡಾಶಯದ ಗುಳ್ಳೆಗಳ ತೊಂದರೆ), ಕಾಮಾಲೆ ಅಥವಾ ಲಿವರ್ ತೊಂದರೆ ಇದ್ದವರಿಗೆ ಇದು ಹೊಂದುವುದಿಲ್ಲ, ಡಾಕ್ಟರ್ ಹತ್ತಿರ ಕೇಳಿಯೇ ತಗೊಳ್ಳಿ.