ಗೇಮಿನೊಳಗಿನ ಮುಖ ಎಷ್ಟು ನಿಜವಾಗಿರಬೇಕು?

ಮೈಸೂರಿನ ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ಆ ಒಂದು ಚಿತ್ರದ ಮುಂದೆ ನಿಲ್ಲದೆ ಬರುವುದಿಲ್ಲ. ಸೀರೆಯುಟ್ಟ ಹೆಂಗಸು, ಒಂದು ಕೈಯಲ್ಲಿ ದೀಪ, ಗಾಳಿಗೆ ಆರದಿರಲೆಂದು ಅಡ್ಡ ಹಿಡಿದ ಇನ್ನೊಂದು ಕೈ. ರವಿವರ್ಮನದೆಂದು ಎಷ್ಟೋ ಜನ ನಂಬಿಕೊಂಡಿರುವ ಈ ಚಿತ್ರ ಎಸ್. ಎಲ್. ಹಲ್ದಂಕರ್ ಅವರದು. 1940ರ ದಶಕದಲ್ಲಿ, ಸ್ವಂತ ಮಗಳನ್ನೇ ಎದುರಿಗೆ ನಿಲ್ಲಿಸಿಕೊಂಡು, ಜಲವರ್ಣದಲ್ಲಿ ಬರೆದದ್ದು. ಕಳೆದ ದಸರಾ ರಜೆಯಲ್ಲಿ ಅಕ್ಕನ ಮಗನನ್ನು ಕರೆದುಕೊಂಡು ಹೋಗಿದ್ದೆ. ಹದಿನಾಲ್ಕು ವರ್ಷದ ಹುಡುಗ. ಬಹಳ ಹೊತ್ತು ನೋಡಿ, "ಮಾಮ, ಬೆರಳು ಒಳಗಿಂದ ಉರೀತಾ ಇರೋ ಹಾಗಿದೆ" ಅಂದ.

ನಾವು ಅಲ್ಲಿಗೆ ಹೋದದ್ದಕ್ಕೆ ಹಿಂದಿನ ರಾತ್ರಿಯ ಜಗಳವೇ ಕಾರಣ. ಸರಸ್ವತಿಪುರಂನ ಮನೆಯಲ್ಲಿ ನಾನು ನಿಂಟೆಂಡೋದ ಹಳೆಯ ಗೇಮ್ ಒಂದನ್ನು ಆಡುತ್ತ ಕೂತಿದ್ದೆ. ಝೆಲ್ಡಾ ಸರಣಿಯ 'ವಿಂಡ್ ವೇಕರ್'. ಅದರ ನಾಯಕ ಲಿಂಕ್ ದೊಡ್ಡ ತಲೆ, ಮುಖದ ಅರ್ಧ ತುಂಬುವ ಕಣ್ಣು, ಮೋಟು ಕಾಲುಗಳ ಬೊಂಬೆ. "ಇಷ್ಟು ಒಳ್ಳೆ ಟೀವಿಯಲ್ಲಿ ಈ ಮಕ್ಕಳ ಗೇಮಾ? ಗ್ರಾಫಿಕ್ಸೇ ಇಲ್ಲ" ಎಂದು ಅವನ ತಕರಾರು. ಅವನ ಲೆಕ್ಕ ಸರಳ: ಮೈಮೇಲಿನ ರೋಮ, ಬೆವರು, ಬಟ್ಟೆಯ ನೂಲು ಕಂಡಷ್ಟೂ ಗೇಮ್ ಮೇಲು.

ಇದೇ ತಕರಾರು ಅವನು ಹುಟ್ಟುವ ಮೊದಲೇ ದೊಡ್ಡದಾಗಿ ನಡೆದಿತ್ತು. 2000ದಲ್ಲಿ ನಿಂಟೆಂಡೋ ತನ್ನ ಹೊಸ ಗೇಮ್ ಯಂತ್ರದ ಬಲ ತೋರಿಸಲು ಲಿಂಕ್ ಮತ್ತು ಖಳನಾಯಕ ಗ್ಯಾನನ್‌ಡಾರ್ಫ್ ಕತ್ತಿ ಹಿಡಿದು ಕಾದಾಡುವ ನೈಜ ಶೈಲಿಯ ತುಣುಕೊಂದನ್ನು ಪ್ರದರ್ಶಿಸಿತು. ಅಭಿಮಾನಿಗಳು ಅದನ್ನೇ ಕಾಯುತ್ತಿದ್ದಾಗ 2001ರಲ್ಲಿ ಬಂದದ್ದು ಈ ಬೊಂಬೆ ಲಿಂಕ್. ಹಲವರು ಸಿಟ್ಟಾದರು. 2002ರ ಕೊನೆಗೆ ಜಪಾನಿನಲ್ಲಿ ಗೇಮ್ ಬಿಡುಗಡೆಯಾಯಿತು. 2006ರಲ್ಲಿ ಬಂದ 'ಟ್ವೈಲೈಟ್ ಪ್ರಿನ್ಸೆಸ್' ಅಭಿಮಾನಿಗಳು ಬಯಸಿದ್ದ ನೈಜ ಶೈಲಿಗೇ ಮರಳಿತು. ಈಗ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ನನ್ನ ಕಣ್ಣಿಗೆ ಮುಪ್ಪು ಕಾಣುವುದು ಎರಡನೆಯದರಲ್ಲಿ. ಅಂದಿನ ಯಂತ್ರ ನಿಜದಂತೆ ತೋರಿಸಲು ಹೆಣಗಿದ್ದೆಲ್ಲ ಇಂದು ಮಸುಕು. ಬೊಂಬೆಯ ಗೆರೆ ಮಾತ್ರ ಅಂದಿನಂತೆಯೇ ಇದೆ.

ಒಂದೇ ಪಾತ್ರ, ಒಂದೇ ಲೋಕ ಕಾಮಿಕ್ಸ್‌ನಿಂದ ಸಿನಿಮಾಕ್ಕೆ, ಸಿನಿಮಾದಿಂದ ಗೇಮಿಗೆ ಹರಿದು ಬರುವುದನ್ನು ಈಗ ಫ್ರಾಂಚೈಸಿ ಎನ್ನುತ್ತಾರೆ. ನಮಗೇನೂ ಹೊಸದಲ್ಲ. ರಾವಣ ಯಕ್ಷಗಾನದಲ್ಲೂ ಬರುತ್ತಾನೆ, ಮಂಡ್ಯ ಸೀಮೆಯ ತೊಗಲು ಗೊಂಬೆಯಾಟದಲ್ಲೂ ಬರುತ್ತಾನೆ, ಕ್ಯಾಲೆಂಡರಿನಲ್ಲೂ ಬರುತ್ತಾನೆ. ಎಲ್ಲಿ ಬಂದರೂ ಗುರುತು ಸಿಗಬೇಕು. ಹೀಗೆ ಮೊದಲೇ ನಮ್ಮ ಮನಸ್ಸಿನಲ್ಲಿ ಕೂತುಬಿಟ್ಟ ಪಾತ್ರವನ್ನು ಪರದೆಯ ಮೇಲೆ ತರುವಾಗ ಕಾರ್ಟೂನೋ ನೈಜವೋ ಎಂಬ ಪ್ರಶ್ನೆ ಬಿಗಿಯಾಗುತ್ತದೆ. ಉತ್ತರದ ಒಂದು ಭಾಗ ಬೆಳಕಿನಲ್ಲಿದೆ, ಇನ್ನೊಂದು ಭಾಗ ನಮ್ಮ ತಲೆಯೊಳಗಿದೆ.

ಮೊದಲು ಬೆಳಕು. ಬೆಳಗಿನ ಬಿಸಿಲಿನಲ್ಲಿ ಕಾಂಪೌಂಡಿನ ಮೇಲಿಟ್ಟ ಬೂದುಗುಂಬಳಕಾಯಿಯನ್ನು ನೋಡಿ. ಸೂರ್ಯನಿಗೆ ನೇರ ಎದುರಾದ ಜಾಗ ಅತಿ ಬೆಳ್ಳಗೆ, ಅಲ್ಲಿಂದ ಬಾಗುತ್ತ ಹೋದಂತೆ ಮಂಕು. ಹೊಳಪಿಲ್ಲದ ಮೇಲ್ಮೈಯ ಪ್ರಕಾಶ ಬೆಳಕು ಬೀಳುವ ಕೋನದ ಕೊಸೈನಿಗೆ ತಕ್ಕಂತೆ ಇಳಿಯುತ್ತದೆ ಎಂದು ಯೋಹಾನ್ ಹೈನ್ರಿಕ್ ಲ್ಯಾಂಬರ್ಟ್ 1760ರಲ್ಲೇ ಬರೆದಿಟ್ಟ. ನೇರ ಬಿದ್ದರೆ ಪೂರ್ತಿ, 60 ಡಿಗ್ರಿ ಓರೆಯಾದರೆ ಅರ್ಧ, 90ಕ್ಕೆ ಸೊನ್ನೆ. ಇಂದಿನ ಗೇಮುಗಳಲ್ಲೂ ಬೆಳಕಿನ ಲೆಕ್ಕ ಶುರುವಾಗುವುದು ಇಲ್ಲಿಂದಲೇ. ಕಾರ್ಟೂನ್ ಶೈಲಿ ಈ ಲೆಕ್ಕವನ್ನು ಬಿಟ್ಟುಬಿಡುತ್ತದೆ ಎಂದು ನನ್ನ ಅಳಿಯನಂತೆ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಅದು ಲೆಕ್ಕ ಮಾಡಿ, ಬಂದ ಉತ್ತರವನ್ನು ಮೆಟ್ಟಿಲಾಗಿ ಕತ್ತರಿಸುತ್ತದೆ: ಅರ್ಧಕ್ಕಿಂತ ಹೆಚ್ಚಿದ್ದರೆ ಇಡೀ ಭಾಗಕ್ಕೆ ಒಂದೇ ತಿಳಿ ಬಣ್ಣ, ಕಡಿಮೆಯಿದ್ದರೆ ಒಂದೇ ಗಾಢ ಬಣ್ಣ. ನಯವಾದ ಇಳಿಜಾರಿನ ಜಾಗದಲ್ಲಿ ಒಂದು ಗಡಿ ಮೂಡುತ್ತದೆ. ಇದೇ ಸೆಲ್ ಶೇಡಿಂಗ್. 2000ದಲ್ಲಿ ಸೆಗಾದ 'ಜೆಟ್ ಸೆಟ್ ರೇಡಿಯೊ' ಇದನ್ನು ಜನಪ್ರಿಯಗೊಳಿಸಿತು. ಪಾತ್ರದ ಸುತ್ತಲ ಕಪ್ಪು ಗೆರೆಗೆ ಇನ್ನೊಂದು ಉಪಾಯ: ಅದೇ ಆಕೃತಿಯ ತುಸು ದಪ್ಪನೆಯ ಕಪ್ಪು ಪ್ರತಿ ಮಾಡಿ, ಅದರ ಹಿಂಬದಿಯ ಮೈಯನ್ನು ಮಾತ್ರ ತೋರಿಸಿದರೆ ಅಂಚಿನಲ್ಲಿ ಕಪ್ಪು ಇಣುಕುತ್ತದೆ.

ನೈಜ ಶೈಲಿಯ ಕಷ್ಟ ಬೇರೆ. ಹಲ್ದಂಕರ್ ಚಿತ್ರದ ಬೆರಳುಗಳಿಗೆ ಮರಳೋಣ. ಕರೆಂಟ್ ಹೋದಾಗ ಮೊಬೈಲ್ ಟಾರ್ಚಿನ ಮೇಲೆ ಬೆರಳಿಟ್ಟು ನೋಡಿದವರಿಗೆ ಗೊತ್ತು, ಬೆರಳು ಕೆಂಡದಂತೆ ಕಾಣುತ್ತದೆ. ಚರ್ಮ ಗೋಡೆಯ ಹಾಗಲ್ಲ. ಬೆಳಕು ಅದರೊಳಕ್ಕೆ ಇಳಿದು, ಚದುರಿ, ಬೇರೆಲ್ಲೋ ಹೊರಬರುತ್ತದೆ. ಹಸಿರು, ನೀಲಿಯನ್ನು ರಕ್ತ ಹೀರಿಕೊಳ್ಳುತ್ತದೆ, ಕೆಂಪು ಮಾತ್ರ ದೂರ ಸಾಗುತ್ತದೆ. ಈ ಒಳಚದುರುವಿಕೆಯನ್ನು ಕಂಪ್ಯೂಟರ್ ಚಿತ್ರಕ್ಕೆ ತರುವ ಅನುಕೂಲಕರ ಗಣಿತವನ್ನು ಹೆನ್ರಿಕ್ ವಾನ್ ಜೆನ್ಸೆನ್ ಮತ್ತು ಸಂಗಡಿಗರು 2001ರಲ್ಲಿ ಪ್ರಕಟಿಸಿದರು. ಅದಿಲ್ಲದ ಚರ್ಮ ಪ್ಲಾಸ್ಟಿಕ್ಕಿನಂತೆ ಕಾಣುತ್ತದೆ. ಸಿನಿಮಾದವರು ಒಂದು ಫ್ರೇಮಿಗೆ ಗಂಟೆಗಟ್ಟಲೆ ಸಮಯ ಕೊಡಬಲ್ಲರು. ಗೇಮಿಗೆ ಆ ಸೌಕರ್ಯವಿಲ್ಲ. ಸೆಕೆಂಡಿಗೆ 60 ಫ್ರೇಮ್ ಎಂದರೆ ಒಂದೊಂದಕ್ಕೆ ಸುಮಾರು 16.7 ಮಿಲಿಸೆಕೆಂಡು. ಅಷ್ಟರೊಳಗೆ ಸಾಧಾರಣ ಎಚ್‌ಡಿ ಪರದೆಯ 20 ಲಕ್ಷಕ್ಕೂ ಹೆಚ್ಚು ಚುಕ್ಕಿಗಳ ಬಣ್ಣ ತೀರ್ಮಾನವಾಗಬೇಕು. ಹಲ್ದಂಕರ್ ಒಂದು ಗಳಿಗೆಯನ್ನು ಹಿಡಿದರು. ಆ ಹೆಂಗಸು ನಡೆಯಬೇಕಿರಲಿಲ್ಲ, ತಿರುಗಿ ನೋಡಬೇಕಿರಲಿಲ್ಲ, ಮಾತಾಡಬೇಕಿರಲಿಲ್ಲ.

ನಡೆಯಬೇಕಾದಾಗಲೇ ತಲೆಯೊಳಗಿನ ತೊಡಕು ಶುರು. ಜಪಾನಿನ ರೋಬೋ ವಿಜ್ಞಾನಿ ಮಸಾಹಿರೊ ಮೋರಿ 1970ರಲ್ಲಿ ಒಂದು ಪ್ರಬಂಧ ಬರೆದರು. ಬೊಂಬೆ ಮನುಷ್ಯನನ್ನು ಹೋಲುತ್ತ ಹೋದಂತೆ ನಮಗೆ ಅದರ ಮೇಲೆ ಅಕ್ಕರೆ ಹೆಚ್ಚುತ್ತದೆ. ಆದರೆ ಹೆಚ್ಚುಕಡಿಮೆ ಮನುಷ್ಯನೇ ಅನ್ನಿಸುವ ಹಂತಕ್ಕೆ ಬಂದಾಗ ಅಕ್ಕರೆ ದಿಢೀರನೆ ಕುಸಿದು ಮೈ ಜುಮ್ಮೆನ್ನುತ್ತದೆ. ಈ ಕುಸಿತವನ್ನು ಅವರು ಕಣಿವೆ ಎಂದು ಕರೆದರು. ನಿಜವೆಂದುಕೊಂಡು ಕುಲುಕಿದ ಕೈ ತಣ್ಣಗಿನ ಕೃತಕ ಕೈಯಾಗಿದ್ದರೆ ಹೇಗನ್ನಿಸುತ್ತದೆ ಎಂಬುದು ಅವರದೇ ಉದಾಹರಣೆ. ಚಲನೆ ಸೇರಿದರೆ ಕಣಿವೆ ಇನ್ನಷ್ಟು ಆಳ ಎಂದೂ ಬರೆದರು. ಅದು ಅಳೆದು ಬರೆದ ರೇಖೆಯಲ್ಲ, ಅವರ ಒಳನೋಟ. ಸಂಶೋಧಕರಲ್ಲಿ ಆ ಬಗ್ಗೆ ಚರ್ಚೆ ಇನ್ನೂ ನಡೆದಿದೆ. ಆದರೆ 2007ರಲ್ಲಿ ಜಪಾನಿನ ಸೆಯಾಮಾ ಮತ್ತು ನಾಗಾಯಾಮಾ ನಡೆಸಿದ ಪ್ರಯೋಗ ನಮ್ಮ ಪ್ರಶ್ನೆಗೆ ನೇರವಾಗಿ ಒದಗುತ್ತದೆ. ಬೊಂಬೆ ಮುಖದಿಂದ ನಿಜ ಮುಖದವರೆಗೆ ಹಂತಹಂತವಾಗಿ ಬದಲಾಗುವ ಚಿತ್ರಗಳನ್ನು ಅವರು ತೋರಿಸಿದರು. ಬರಿಯ ನೈಜತೆ ಹೆಚ್ಚಿದ್ದಕ್ಕೆ ನೋಡುಗರು ಅಷ್ಟಾಗಿ ಬೆದರಲಿಲ್ಲ. ಕಣ್ಣುಗಳನ್ನು ಅಸಹಜವಾಗಿ ದೊಡ್ಡದು ಮಾಡಿದಾಗ ಬೆದರಿದರು. ಅದೂ ಮುಖ ನಿಜಕ್ಕೆ ಹತ್ತಿರವಿದ್ದಷ್ಟೂ ಹೆಚ್ಚು. ಅದೇ ದೊಡ್ಡ ಕಣ್ಣು ಬೊಂಬೆಯ ಮೇಲೆ ಒಪ್ಪುತ್ತಿತ್ತು.

ನನಗೆ ಇಡೀ ವಿಷಯದ ಕೀಲಿ ಸಿಕ್ಕಿದ್ದು ಇಲ್ಲಿ. ಕಾರ್ಟೂನು ಒಂದು ತುದಿ, ನೈಜ ಇನ್ನೊಂದು ತುದಿ, ನಡುವೆ ಒಂದೇ ದಾರಿ ಎಂದು ನಾವು ಭಾವಿಸುತ್ತೇವೆ. ನಿಜದಲ್ಲಿ ಆಕಾರ ಒಂದು, ಮೈಯ ಮೇಲ್ಪದರ ಇನ್ನೊಂದು, ಚಲನೆ ಮತ್ತೊಂದು. ಕಲಾವಿದ ಒಂದೊಂದನ್ನೂ ಬೇರೆಬೇರೆಯಾಗಿ ತಿರುಗಿಸಬಹುದು. ಚಿತ್ರ ಕೆಡುವುದು ಇವು ಒಂದಕ್ಕೊಂದು ಹೊಂದದಿದ್ದಾಗ. 2006ರ 'ಸಾನಿಕ್' ಗೇಮಿನಲ್ಲಿ ನೀಲಿ ಕಾರ್ಟೂನ್ ಮುಳ್ಳುಹಂದಿಯನ್ನು ನಿಜ ಮನುಷ್ಯರ ಅಳತೆಯ ಪಾತ್ರಗಳ ನಡುವೆ ನಿಲ್ಲಿಸಿದರು. ರಾಜಕುಮಾರಿ ಅವನಿಗೆ ಮುತ್ತಿಡುವ ದೃಶ್ಯ ಇಂದಿಗೂ ಜನರಿಗೆ ಇರುಸುಮುರುಸು. ಅದೇ 2009ರ 'ಬ್ಯಾಟ್‌ಮನ್: ಆರ್ಕಮ್ ಅಸೈಲಮ್' ನೋಡಿ. ಚರ್ಮ, ಲೋಹ, ಬಟ್ಟೆ ಎಲ್ಲ ನಿಜದಂತಿವೆ, ಆದರೆ ಭುಜ, ದವಡೆ ಕಾಮಿಕ್ಸಿನವು. ಮನುಷ್ಯನ ಮೈ ಎಷ್ಟರವರೆಗೆ ಹಿಗ್ಗಿದರೆ ಒಪ್ಪುತ್ತದೋ ಅಷ್ಟಕ್ಕೇ ಹಿಗ್ಗಿಸಿದ್ದಾರೆ. ಮೈಸೂರು ಶೈಲಿಯ ಸಾಂಪ್ರದಾಯಿಕ ಚಿತ್ರಗಳಲ್ಲೂ ಇದೇ ಜಾಣ್ಮೆ. ಆಭರಣಗಳನ್ನು ಲೇಪದಿಂದ ತುಸು ಉಬ್ಬಿಸಿ ಚಿನ್ನದ ರೇಕು ಹಚ್ಚಿದ್ದರಿಂದ ಅವು ನಿಜವಾಗಿಯೇ ಮಿನುಗುತ್ತವೆ. ದೇವಿಯ ಕಣ್ಣು ಮಾತ್ರ ಯಾವ ಮನುಷ್ಯರಿಗೂ ಇಲ್ಲದಷ್ಟು ನೀಳ. ನೋಡಿದವರಿಗೆ ಭಕ್ತಿ ಹುಟ್ಟುತ್ತದೆಯೇ ಹೊರತು ಕಸಿವಿಸಿಯಲ್ಲ.

ಹಿಗ್ಗಿಸಿದ್ದು ಯಾಕೆ ಹೆಚ್ಚು ನಿಜವೆನಿಸುತ್ತದೆ? ಡಚ್ ವಿಜ್ಞಾನಿ ನಿಕೊ ಟಿನ್‌ಬರ್ಗನ್ ಕಡಲಕ್ಕಿಯ ಮರಿಗಳನ್ನು ಪರೀಕ್ಷಿಸಿದ್ದರು. ತಾಯಿಯ ಕೊಕ್ಕಿನ ಮೇಲಿನ ಕೆಂಪು ಚುಕ್ಕಿಯನ್ನು ಕುಟುಕಿ ಮರಿ ತುತ್ತು ಕೇಳುತ್ತದೆ. ತಲೆಯೂ ಇಲ್ಲದ, ಬಿಳಿ ಪಟ್ಟೆಗಳ ಸಣ್ಣ ಕೆಂಪು ಕಡ್ಡಿ ತೋರಿಸಿದರೆ ನಿಜದಂತೆ ಮಾಡಿದ ತಲೆಯ ಮಾದರಿಗಿಂತ ಹೆಚ್ಚು ಸಲ ಕುಟುಕಿತು! ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ ಮತ್ತು ವಿಲಿಯಮ್ ಹಿರ್ಸ್ಟೈನ್ 1999ರಲ್ಲಿ ಇದನ್ನೇ ಕಲೆಗೆ ಅನ್ವಯಿಸಿ, ನಮ್ಮ 'ರಸ' ಎಂಬ ಮಾತನ್ನೇ ಬಳಸಿ ಬರೆದರು. ಮುಖಗಳ ಬಗ್ಗೆ ನೇರ ಪುರಾವೆಯೂ ಇದೆ. ಗಿಲಿಯನ್ ರೋಡ್ಸ್ ಮತ್ತು ಸಂಗಡಿಗರು 1987ರಲ್ಲಿ ಪರಿಚಿತರ ಗೆರೆಚಿತ್ರಗಳನ್ನು ತೋರಿಸಿದಾಗ, ತದ್ವತ್ತಾಗಿ ಬರೆದದ್ದಕ್ಕಿಂತ ವ್ಯಂಗ್ಯಚಿತ್ರದಂತೆ ಹಿಗ್ಗಿಸಿ ಬರೆದದ್ದನ್ನೇ ಜನ ಬೇಗ ಗುರುತಿಸಿದರು. ಒಬ್ಬನ ಮುಖ ಸಾಮಾನ್ಯ ಮುಖದಿಂದ ಎಲ್ಲಿ ಬೇರೆ ಎಂಬುದನ್ನೇ ಮೆದುಳು ನೆನಪಿಟ್ಟಂತಿದೆ.

ಆಟದಲ್ಲಿ ಈ ಬೇಗ ಎಂಬುದಕ್ಕೆ ಬಹಳ ಬೆಲೆ. ನನ್ನ ಹತ್ತಿರ ಕೊಂಡಿಟ್ಟ, ಇಸ್ಪೀಟಿನಂತೆ ಆಡುವ ದಶಾವತಾರದ ಗಂಜೀಫಾ ಎಲೆಗಳ ಪೆಟ್ಟಿಗೆಯಿದೆ. ಹತ್ತು ಅವತಾರ, ಒಂದೊಂದಕ್ಕೆ ಹನ್ನೆರಡು, ಒಟ್ಟು 120 ದುಂಡನೆಯ ಎಲೆ. ಪುರಾಣದ ಪಾತ್ರಗಳನ್ನು ಇಟ್ಟುಕೊಂಡು ಮಾಡಿದ ಆಟ, ಅಂದರೆ ಫ್ರಾಂಚೈಸಿ ಗೇಮೇ. ಮುಮ್ಮಡಿ ಕೃಷ್ಣರಾಜ ಒಡೆಯರು ಈ ಆಟಕ್ಕೆ ಮನಸೋತು 320 ಎಲೆಗಳ ಚಾಮುಂಡೇಶ್ವರಿ ಗಂಜೀಫಾದವರೆಗೆ ಹೊಸಹೊಸ ಆಟ ಕಟ್ಟಿದವರು. ಬೀಸಣಿಗೆಯಂತೆ ಹಿಡಿದ ಎಲೆಯ ಅಂಚು ಮಾತ್ರ ಕಾಣುವಾಗ ಯಾವ ಅವತಾರವೆಂದು ಕಣ್ಣು ಮಿಟುಕಿಸುವಷ್ಟರಲ್ಲಿ ತಿಳಿಯಬೇಕು. ಅದಕ್ಕೇ ಒಂದೊಂದಕ್ಕೆ ಒಂದು ಬಣ್ಣ, ಒಂದು ಗುರುತು: ಮೀನು, ಆಮೆ, ಕೊಡಲಿ. ಅಲ್ಲಿ ಹಲ್ದಂಕರ್ ಅವರ ಕುಂಚ ಕೆಲಸಕ್ಕೆ ಬಾರದು.

'ಟೀಮ್ ಫೋರ್ಟ್ರೆಸ್ 2' ಕಟ್ಟಿದವರೂ ಇಲ್ಲಿಗೇ ಬಂದು ತಲುಪಿದರು. 1999ರಲ್ಲಿ ಅವರು ತೋರಿಸಿದ್ದು ನಿಜ ಸೈನಿಕರ ಗೇಮ್. 2007ರಲ್ಲಿ ಕೈಗಿತ್ತದ್ದು ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಪತ್ರಿಕಾ ಚಿತ್ರಗಳಿಂದ ಪ್ರೇರಿತವಾದ ಕಾರ್ಟೂನ್. ಒಂಬತ್ತು ಬಗೆಯ ಯೋಧರು. ಬರಿಯ ನೆರಳಾಕೃತಿಯಲ್ಲೇ ಯಾರೆಂದು ಗೊತ್ತಾಗಬೇಕು. ಕಾಲಿನ ಕಡೆ ಗಾಢ, ಎದೆಯ ಕಡೆ ತಿಳಿ ಬಣ್ಣ, ಏಕೆಂದರೆ ಕಣ್ಣು ಹೋಗಬೇಕಾದದ್ದು ಕೈಯಲ್ಲಿರುವ ಆಯುಧದ ಕಡೆಗೆ. ಶ್ರೀರಂಗಪಟ್ಟಣದ ದರಿಯಾ ದೌಲತ್‌ನ ಗೋಡೆಯ ಮೇಲಿನ 1780ರ ಪೊಲ್ಲಿಲೂರು ಯುದ್ಧವೂ ಹೀಗೆಯೇ. ಸಾಲುಸಾಲು ಸೈನಿಕರದು ಒಂದೇ ಅಚ್ಚಿನ ಪಾರ್ಶ್ವಮುಖ, ದೂರದವರು ಚಿಕ್ಕವರಾಗುವುದಿಲ್ಲ. ಆದರೂ ಕೆಂಪು ಅಂಗಿಯವರ ಚೌಕದ ನಡುವೆ ಪಲ್ಲಕ್ಕಿಯಲ್ಲಿ ಕೂತ ಬ್ರಿಟಿಷ್ ಸೇನಾಧಿಕಾರಿ ಬೇಯ್ಲಿ ಯಾರು, ಆನೆಯ ಮೇಲಿರುವ ಹೈದರ್, ಟಿಪ್ಪು ಯಾರು ಎಂದು ಮಗುವೂ ತೋರಿಸುತ್ತದೆ.

ಕಾರ್ಟೂನು ಸುಲಭ ಎಂದು ಇದರರ್ಥವಲ್ಲ. ತೊಗಲು ಗೊಂಬೆಯ ರಾವಣನನ್ನು ಮೂರು ಆಯಾಮಕ್ಕೆ ತರಲು ಹೋಗಿ ನೋಡಿ. ಪರದೆಯ ಮೇಲೆ ಹತ್ತು ತಲೆಯೂ ಚೆಂದ. ಸುತ್ತ ತಿರುಗಿ ನೋಡುವಂತಾದ ಕೂಡಲೇ ಕುತ್ತಿಗೆ ಎಲ್ಲಿ ಸೇರುತ್ತದೆಂಬ ತಲೆನೋವು. ಮಿಕ್ಕಿ ಮೌಸ್ ತಲೆ ಎತ್ತ ತಿರುಗಿಸಿದರೂ ಕಿವಿ ದುಂಡಗೇ ಇರುತ್ತದೆ. ಯಾವ ಗಟ್ಟಿ ವಸ್ತುವೂ ಹಾಗಿರದು. ಜಪಾನಿನ ಆರ್ಕ್ ಸಿಸ್ಟಮ್ ವರ್ಕ್ಸ್ ಕಂಪನಿ 2014ರ 'ಗಿಲ್ಟಿ ಗಿಯರ್' ಗೇಮಿನಲ್ಲಿ ಈ ಗಂಟು ಬಿಡಿಸಿದ ಬಗೆಗೆ ನಾನು ಮರುಳಾಗಿದ್ದೇನೆ. ಮುಖದ ಯಾವ ಭಾಗ ಯಾವ ದಿಕ್ಕಿಗಿದೆ ಎಂದು ಕಂಪ್ಯೂಟರಿಗೆ ಹೇಳುವ ಅಂಕಿಗಳನ್ನೇ ಕಲಾವಿದರು ಕೈಯಾರೆ ತಿದ್ದಿದರು. ಇದರಿಂದ ನೆರಳು ಲ್ಯಾಂಬರ್ಟ್ ಹೇಳಿದ ಜಾಗ ಬಿಟ್ಟು ಚಿತ್ರಕಾರ ಬಯಸಿದ ಜಾಗದಲ್ಲಿ ಬೀಳುತ್ತದೆ. ಪರದೆ ಸೆಕೆಂಡಿಗೆ 60 ಸಲ ಬದಲಾಗುತ್ತಿದ್ದರೂ ಪಾತ್ರದ ಭಂಗಿಯನ್ನು ಕೆಲವು ಫ್ರೇಮ್ ಹಾಗೇ ತಡೆಹಿಡಿದರು, ಕೈಯಲ್ಲಿ ಬರೆದ ಅನಿಮೇಷನ್ನಿನ ಲಯ ಬರಲೆಂದು. 2018ರಲ್ಲಿ ಜಪಾನಿ ಕಾಮಿಕ್ಸ್ 'ಡ್ರ್ಯಾಗನ್ ಬಾಲ್'ನ ಪಾತ್ರಗಳು ಅವರ ಕೈಗೆ ಬಂದಾಗ, ಕಾಗದದ ಮೇಲಿದ್ದ ಅದರ ನಾಯಕ ಗೋಕು ಹಾಗೇ ಎದ್ದು ಬಂದ.

ಕ್ರಿಕೆಟ್ ಗೇಮಿನಲ್ಲಿ ನಮ್ಮೂರ ಆಟಗಾರನ ಮುಖ ಅವನ ಮುಖದಂತೆಯೇ ಇರಬೇಕು. ಅವನ ಮೂಲ ಗೆರೆಯಲ್ಲ, ಮನುಷ್ಯ. ಅಲ್ಲಿ ನನ್ನ ಓಟು ಹುಡುಗನ ಕಡೆಗೇ. ಲಿಂಕ್ ಎಂಬವನು ಹಾಗೆ ಎಲ್ಲೂ ಇರಲಿಲ್ಲ. 2017ರ 'ಬ್ರೆತ್ ಆಫ್ ದಿ ವೈಲ್ಡ್'ನಲ್ಲಿ ಅವನ ಮೈಕಟ್ಟು ತಕ್ಕಮಟ್ಟಿಗೆ ನಿಜದ್ದು, ಬಿಸಿಲು ನೆರಳು ಕಾರ್ಟೂನಿನದು, ಹುಲ್ಲಿಗೆ ಹತ್ತಿದ ಬೆಂಕಿ ಮಾತ್ರ ನಿಜದ ಬೆಂಕಿಯಂತೆ ಹಬ್ಬುತ್ತದೆ. ಮೂರೂ ಹೊಂದಿವೆ.

ಚಿತ್ರಶಾಲೆಯಿಂದ ಬಂದ ಸಂಜೆ ಹುಡುಗ ತಾನಾಗಿಯೇ 'ವಿಂಡ್ ವೇಕರ್' ಹಾಕಿದ. ಆ ಗೇಮಿನಲ್ಲಿ ಲಿಂಕ್‌ನ ದೊಡ್ಡ ಕಣ್ಣುಗಳಿಗೆ ಒಂದು ಕೆಲಸವಿದೆ: ಹತ್ತಿರದಲ್ಲಿ ಗಮನಿಸಬೇಕಾದ ವಸ್ತುವೋ ಶತ್ರುವೋ ಇದ್ದರೆ ಅವು ತಾವಾಗಿ ಅತ್ತ ಹೊರಳುತ್ತವೆ. ನಿಜ ಮನುಷ್ಯನ ಅಳತೆಯ ಕಣ್ಣಾಗಿದ್ದರೆ ಅಷ್ಟು ದೂರದಿಂದ ಅದು ಕಾಣುತ್ತಲೇ ಇರಲಿಲ್ಲ. ನಾನು ಹೇಳಿಕೊಟ್ಟಿರಲಿಲ್ಲ. ಹತ್ತು ನಿಮಿಷ ಕಳೆದಿರಬೇಕು, ಅಡುಗೆಮನೆಯಲ್ಲಿದ್ದವನನ್ನು ಕೂಗಿದ: "ಮಾಮ, ಬಾ ಇಲ್ಲಿ. ಇವನು ಆ ಮೂಲೆ ಕಡೆನೇ ನೋಡ್ತಾ ಇದಾನೆ. ಅಲ್ಲೇನೋ ಇದೆ."